ಒಂದು ಮೊಳದ ಅಂತರ

ಹೋದ ಕಂತಿನಲ್ಲಿ ಮಾತಿನ ಮಧ್ಯೆ "ವಿಗ್ ಹಾಕ್ಕೊಂಡು ಸೈಕಲ್ ಹೊಡೆದ ವಿಜ್ಞಾನಿ" ಅಂತ ಒಂದು ಮಾತು ಹೇಳಿ, ನಕ್ಕು, ಮುಂದಿನ ವಿಷಯಕ್ಕೆ ಹೋಗಿಬಿಟ್ಟೆ. ಅದೇನು ಕಥೆ ಅಂತ ನಿಮ್ಮಲ್ಲಿ ಕೆಲವರು ಆಮೇಲೆ ಕೇಳಿದಿರಿ. ನಿಜ ಹೇಳಬೇಕು ಅಂದ್ರೆ ಅವತ್ತು ನಕ್ಕಿದ್ದು ತಪ್ಪಿಸಿಕೊಳ್ಳೋಕೆ. ಆ ಸಂಶೋಧನಾ ಪ್ರಬಂಧವನ್ನು ನಾನು ಐದಾರು ಸಲ ಓದಿದ್ದೀನಿ. ಮೊದಲ ಎರಡು ಸಲ ಕುತೂಹಲಕ್ಕೆ. ಉಳಿದದ್ದೆಲ್ಲ ನಮ್ಮ ಗುಂಪಿನ ಒಬ್ಬಳು ರಸ್ತೆಯಲ್ಲಿ ಬಿದ್ದ ಮೇಲೆ. ಹಾಗಾಗಿ ಇದನ್ನು ಮೈಕ್ ಮುಂದೆ ಹೇಳೋದಕ್ಕಿಂತ ಕೂತು ಬರೆಯೋದೇ ವಾಸಿ ಅನ್ನಿಸಿತು.

ಇಯಾನ್ ವಾಕರ್ ಆಗ ಬಾತ್ ವಿಶ್ವವಿದ್ಯಾಲಯದಲ್ಲಿದ್ದ ಮನಶ್ಶಾಸ್ತ್ರಜ್ಞ. ತಮ್ಮ ಸೈಕಲ್ಲಿಗೆ ಒಂದು ಅಲ್ಟ್ರಾಸೋನಿಕ್ ಸೆನ್ಸರ್ ಕಟ್ಟಿಕೊಂಡು ಸಾಲ್ಸ್‌ಬರಿ ಮತ್ತು ಬ್ರಿಸ್ಟಲ್ ರಸ್ತೆಗಳಲ್ಲಿ ಓಡಾಡಿದರು. ಪಕ್ಕದಲ್ಲಿ ದಾಟಿ ಹೋಗೋ ಪ್ರತಿ ವಾಹನ ಎಷ್ಟು ದೂರದಲ್ಲಿ ಹೋಯ್ತು ಅಂತ ಆ ಸೆನ್ಸರ್ ಬರೆದುಕೊಳ್ಳುತ್ತಿತ್ತು. ಕೆಲವು ಸಲ ಹೆಲ್ಮೆಟ್ ಹಾಕಿಕೊಂಡರು, ಕೆಲವು ಸಲ ಇಲ್ಲ. ಕೆಲವು ಸಲ ರಸ್ತೆಯಂಚಿಗೆ ಅಂಟಿಕೊಂಡು, ಕೆಲವು ಸಲ ಒಂದು ಮೀಟರಿಗಿಂತ ಆಚೆ. ಇನ್ನು ಕೆಲವು ಸಲ ಉದ್ದ ಕೂದಲಿನ ವಿಗ್, ಹಿಂದಿನಿಂದ ನೋಡಿದವರಿಗೆ ಹೆಂಗಸು ಅನ್ನಿಸಲಿ ಅಂತ. ಒಟ್ಟು 2,300ಕ್ಕೂ ಹೆಚ್ಚು ಓವರ್‌ಟೇಕ್‌ಗಳು. ಪ್ರಬಂಧ ಬಂದಿದ್ದು 2007ರಲ್ಲಿ, 'ಆಕ್ಸಿಡೆಂಟ್ ಅನಾಲಿಸಿಸ್ ಅಂಡ್ ಪ್ರಿವೆನ್ಷನ್' ಪತ್ರಿಕೆಯಲ್ಲಿ. ಪತ್ರಿಕೆಗಳಿಗೆ ಹಬ್ಬ: ಹೆಲ್ಮೆಟ್ ಹಾಕಿದಾಗ ವಾಹನಗಳು ಸರಾಸರಿ 8.5 ಸೆಂಟಿಮೀಟರ್ ಹತ್ತಿರ ಬಂದವು, ವಿಗ್ ಹಾಕಿದಾಗ ಸುಮಾರು 14 ಸೆಂಟಿಮೀಟರ್ ದೂರ ಸರಿದವು. ಬಸ್ಸು, ಲಾರಿಗಳು ಕಾರುಗಳಿಗಿಂತ ಹತ್ತಿರ ಬಂದವು. ಈ ಪ್ರಯೋಗದ ಸಮಯದಲ್ಲೇ ವಾಕರ್ ಅವರಿಗೆ ಒಂದು ಬಸ್ಸು, ಒಂದು ಟ್ರಕ್ಕು ಬಡಿದವು. ಎರಡು ಸಲವೂ ಅವರು ಹೆಲ್ಮೆಟ್ ಹಾಕಿದ್ದರು. (ಎರಡೇ ಎರಡು ಘಟನೆಯಿಂದ ಏನನ್ನೂ ಹೇಳೋಕಾಗಲ್ಲ ಅಂತ ಗೊತ್ತು. ಆದರೂ ಓದುವಾಗ ಮೈ ಜುಂ ಅನ್ನುತ್ತೆ.)

ನಾನಿರೋದು ಬ್ರಿಸ್ಟಲ್‌ನಲ್ಲಿ. ಎಂ.ಎಸ್‌ಸಿ. ಓದೋಕೆ ಬಂದವನು ಇಲ್ಲೇ ಉಳಿದೆ. ಆ ಸೆನ್ಸರ್ ಓಡಾಡಿದ ರಸ್ತೆಗಳಲ್ಲಿ ಕೆಲವು ನಾನು ದಿನಾ ಹೋಗೋ ರಸ್ತೆಗಳೇ ಇರಬೇಕು.

ಸೆಂಟಿಮೀಟರ್‌ಗಳು ಕಣ್ಣಿಗೆ ಕಟ್ಟಲ್ಲ, ಅದಕ್ಕೆ ಮನೆಯ ಅಳತೆಗೆ ಬರೋಣ. 8.5 ಸೆಂಟಿಮೀಟರ್ ಅಂದ್ರೆ ಜೋಡಿಸಿಟ್ಟ ನಾಲ್ಕು ಬೆರಳಿನಗಲ, ಮೇಲೆ ಚೂರು. ಅರ್ಧ ಮೀಟರ್ ಅಂದ್ರೆ ಒಂದು ಮೊಳ. ಹೂವಿನವಳು ಮೊಣಕೈಯಿಂದ ಬೆರಳ ತುದಿವರೆಗೆ ಮಲ್ಲಿಗೆ ಅಳೆದು ಕೊಡ್ತಾಳಲ್ಲ, ಅದಕ್ಕಿಂತ ಒಂದೆರಡು ಬೆರಳು ಹೆಚ್ಚು. ಎರಡೂ ಕೈ ಚಾಚಿದರೆ ಒಂದು ಮಾರು. ಬ್ರಿಟನ್ನಿನ ಹೈವೇ ಕೋಡ್ ಸೈಕಲ್ಲಿನವರಿಗೆ ಬಿಡಿ ಅಂತ ಹೇಳೋ 1.5 ಮೀಟರ್ ಒಂದು ಮಾರಿಗಿಂತ ಸ್ವಲ್ಪ ಕಡಿಮೆ. ಇಲ್ಲಿ ಹುಟ್ಟಿ ಬೆಳೆದು ಕನ್ನಡ ಕಲಿಯುತ್ತಿರೋರು ಇದನ್ನ ಓದ್ತಾ ಇದ್ದರೆ ಒಂದು ಸಲ ಎದ್ದು ನಿಂತು ಕೈ ಚಾಚಿ ನೋಡಿ. ಬೆರಳು, ಮೊಳ, ಮಾರು ಮೂರೂ ಪದ ಮರೆಯೋದೇ ಇಲ್ಲ.

ಈಗ ವಿಮರ್ಶೆ. ಮೊದಲು ಹೊಗಳಿಕೆ, ಯಾಕಂದ್ರೆ ಅದಕ್ಕೆ ಈ ಪ್ರಬಂಧ ಯೋಗ್ಯ. "ಡ್ರೈವರ್‌ಗಳು ನಮ್ಮನ್ನ ಸವರಿಕೊಂಡೇ ಹೋಗ್ತಾರೆ" ಅಂತ ಸೈಕಲ್ಲಿನವರು ಹೇಳ್ತಾನೇ ಇದ್ದರು, "ಇಲ್ಲಪ್ಪ, ನಿಮಗೆ ಹಾಗನ್ನಿಸುತ್ತೆ" ಅಂತ ಕಾರಿನವರು ಹೇಳ್ತಾನೇ ಇದ್ದರು. ಆ ಜಗಳದ ಮಧ್ಯೆ ಒಬ್ಬರು ಅಳತೆಗೋಲು ತಂದಿಟ್ಟರು. ಅಷ್ಟೇ ಅಲ್ಲ, ದತ್ತಾಂಶವನ್ನ ಬೇರೆಯವರು ನೋಡೋಕೆ ಬಿಟ್ಟುಕೊಟ್ಟರು. ನಮ್ಮ ವೃತ್ತಿಯಲ್ಲಿ ಇದು ಎಷ್ಟು ಅಪರೂಪ ಅಂತ ನನಗೆ ಗೊತ್ತು.

ಬಿಟ್ಟುಕೊಟ್ಟಿದ್ದಕ್ಕೆ ತಕ್ಕ ಹಾಗೆ ಪೆಟ್ಟೂ ಬಿತ್ತು. 2013ರಲ್ಲಿ ಆಸ್ಟ್ರೇಲಿಯಾದ ಒಲಿವಿಯರ್ ಮತ್ತು ವಾಲ್ಟರ್ ಅದೇ ದತ್ತಾಂಶವನ್ನ ಮತ್ತೆ ವಿಶ್ಲೇಷಿಸಿದರು. ಒಂದು ಮೀಟರಿಗಿಂತ ಹತ್ತಿರ ಬಂದವು, ಬಾರದವು ಅಂತ ಎರಡು ಭಾಗ ಮಾಡಿ ನೋಡಿದರೆ ಹೆಲ್ಮೆಟ್ಟಿಗೂ ಹತ್ತಿರ ಬರೋದಕ್ಕೂ ಸಂಬಂಧ ಕಾಣಲ್ಲ ಅಂದರು. 2019ರಲ್ಲಿ ವಾಕರ್ ಮತ್ತು ರಾಬಿನ್ಸನ್ ಉತ್ತರ ಕೊಟ್ಟರು, ಸಂಬಂಧ ಇದ್ದೇ ಇದೆ ಅಂತ. ನನ್ನ ಪಕ್ಷ ಕೇಳಿದರೆ: ಸೆಂಟಿಮೀಟರಿನಲ್ಲಿ ಅಳೆದಿದ್ದನ್ನ ಹೌದು-ಅಲ್ಲ ಅನ್ನೋ ಎರಡು ಡಬ್ಬಿಗೆ ಸುರಿದರೆ ಅರ್ಧ ಮಾಹಿತಿ ಚೆಲ್ಲಿಹೋಗುತ್ತೆ, ಅದು ನಮ್ಮ ಮೊದಲ ಸೆಮಿಸ್ಟರಿನ ಪಾಠ. ಆದರೆ ಒಲಿವಿಯರ್ ಮತ್ತು ವಾಲ್ಟರ್ ಅವರ ಪ್ರಶ್ನೆಯ ಹಿಂದಿರೋ ಅನುಮಾನ ಸರಿಯಾಗಿದೆ. ಎರಡು ಮೀಟರ್ ದೂರ ಹೋಗೋ ಕಾರು ನಾಲ್ಕು ಬೆರಳು ಹತ್ತಿರ ಬಂದರೆ ನನಗೇನಾಯ್ತು? ಏನೂ ಆಗಲ್ಲ. ಒಂದು ಮೊಳ ದೂರದಲ್ಲಿ ಹೋಗೋ ವ್ಯಾನು ನಾಲ್ಕು ಬೆರಳು ಹತ್ತಿರ ಬಂದರೆ? ಸರಾಸರಿಗೆ ಇವೆರಡೂ ಒಂದೇ.

ಹೆಲ್ಮೆಟ್ ಜಗಳ ನನಗೆ ಬೇಡ. ನಾನು ಹಾಕ್ತೀನಿ, ಮುಂದೆಯೂ ಹಾಕ್ತೀನಿ. ನನ್ನ ತಕರಾರು ಬೇರೆ. ಇಷ್ಟೆಲ್ಲ ಬುದ್ಧಿವಂತರು ಹನ್ನೆರಡು ವರ್ಷ ಜಗಳ ಆಡಿದ್ದು ಸೈಕಲ್ಲಿನವನ ತಲೆಯ ಮೇಲೆ ಏನಿತ್ತು ಅನ್ನೋದರ ಬಗ್ಗೆ. ದಾಟಿ ಹೋಗಿದ್ದು ಯಾರು, ಎಷ್ಟು ವೇಗದಲ್ಲಿ, ಯಾಕೆ ಆ ಕ್ಷಣದಲ್ಲೇ? ಆ ಕಡೆಗೆ ಇಷ್ಟು ಹಟ ಹಿಡಿದು ಯಾರೂ ಜಗಳ ಆಡಲಿಲ್ಲ.

ಎರಡನೇ ಪ್ರಬಂಧ 2014ರದ್ದು: ವಾಕರ್, ಗ್ಯಾರಾರ್ಡ್, ಜೋವಿಟ್. ಸದ್ದು ಮಾಡಲಿಲ್ಲ, ಆದರೆ ನನ್ನ ಲೆಕ್ಕದಲ್ಲಿ ಇದೇ ದೊಡ್ಡದು. ಒಬ್ಬ ಸವಾರರ ನಿತ್ಯದ ಓಡಾಟ, ಏಳು ವೇಷ. ರೇಸ್ ಹೊಡೆಯೋನ ಹಾಗೆ ಲೈಕ್ರಾ, ಮಾಮೂಲಿ ಬಟ್ಟೆ, ಕಣ್ಣಿಗೆ ಹೊಡೆಯೋ ಹಳದಿ ಜಾಕೆಟ್, "ನಾನು ಹೊಸಬ" ಅಂತ ಬರೆದ ಜಾಕೆಟ್, ಹೀಗೆ. ಒಟ್ಟು 5,690 ಓವರ್‌ಟೇಕ್. ಫಲಿತಾಂಶ ಒಂದೇ ಸಾಲಿನಲ್ಲಿ ಹೇಳಬಹುದು: ಏನು ಹಾಕ್ಕೊಂಡರೂ ಹೆಚ್ಚುಕಮ್ಮಿ ಒಂದೇ. ಬೇರೆ ಆಗಿದ್ದು ಒಂದೇ ಒಂದು ಜಾಕೆಟ್, ಪೊಲೀಸ್ ಅನ್ನೋ ಪದ ಇದ್ದು, ನಿಮ್ಮ ವಿಡಿಯೋ ಆಗ್ತಾ ಇದೆ ಅಂತ ಸೂಚಿಸುತ್ತಿದ್ದದ್ದು. ಅದಕ್ಕೂ ಸಿಕ್ಕಿದ್ದು ಸುಮಾರು 5 ಸೆಂಟಿಮೀಟರ್ ಹೆಚ್ಚುವರಿ. ಪೊಲೀಸ್ ಜಾಕೆಟ್ಟಿನ ಹಾಗೇ ಕಾಣುವ, ಆದರೆ 'ಪೊಲೈಟ್' ಅಂತ ಬರೆದ ಇನ್ನೊಂದಿತ್ತು. ಅದರಿಂದ ಏನೂ ಪ್ರಯೋಜನ ಆಗಲಿಲ್ಲ. ಡ್ರೈವರ್‌ಗಳು ನಮ್ಮ ಬೆನ್ನನ್ನ ಗಮನವಿಟ್ಟು ಓದುತ್ತಾರೆ ಅಂತಾಯ್ತು. ಒಂದಕ್ಷರ ಬದಲಾದರೂ ಗೊತ್ತಾಗುತ್ತೆ ಅವರಿಗೆ.

ಆ ಪ್ರಬಂಧದಲ್ಲಿ ಇನ್ನೊಂದು ಸಂಖ್ಯೆ ಇದೆ, ಈ ಬರಹ ಹುಟ್ಟಿದ್ದೇ ಅದರಿಂದ. ಯಾವ ವೇಷ ಹಾಕಿದರೂ ಶೇಕಡಾ ಒಂದರಿಂದ ಎರಡು ವಾಹನಗಳು 50 ಸೆಂಟಿಮೀಟರಿಗಿಂತ ಹತ್ತಿರ ಹೋದವು. ಅಂದ್ರೆ ಒಂದು ಮೊಳದೊಳಗೆ.

ಒಂದು ಭಾನುವಾರದ ಸವಾರಿಯಲ್ಲಿ ನೂರು ವಾಹನ ನಿಮ್ಮನ್ನ ದಾಟಿದವು ಅಂತಿಟ್ಕೊಳ್ಳಿ. ಒಂದೋ ಎರಡೋ ಒಂದು ಮೊಳದೊಳಗೆ. ವರ್ಷಕ್ಕೆ ಐವತ್ತು ಭಾನುವಾರ: ಐವತ್ತರಿಂದ ನೂರು ಸಲ. ನಿಮ್ಮ ಹಳದಿ ಜಾಕೆಟ್ಟು, ಮಿನುಗೋ ದೀಪ, ಒಳ್ಳೆತನ ಯಾವುದೂ ಈ ಲೆಕ್ಕಕ್ಕೆ ಹೊಸದೇನನ್ನೂ ಸೇರಿಸಲ್ಲ. ಇದನ್ನ ಓದಿದಾಗ ನನಗೆ ಭಯಕ್ಕಿಂತ ಮೊದಲು ಬಂದಿದ್ದು ಸಿಟ್ಟು. ಯಾಕೆ ಅಂತ ಹೇಳ್ತೀನಿ.

ನಮ್ಮದು ಹತ್ತು-ಹನ್ನೆರಡು ಜನರ ಗುಂಪು. ಹೆಚ್ಚಿನವರು ಕನ್ನಡದವರು, ಇಬ್ಬರು ತಮಿಳರು, ಒಬ್ಬ ವೇಲ್ಸ್‌ನವನು (ಅವನಿಗೆ ಈಗ "ಗುಂಡಿ" ಅಂದರೆ ಗೊತ್ತಾಗುತ್ತೆ). ಬೇಸಿಗೆಯ ಭಾನುವಾರ ಬೆಳಗ್ಗೆ ಚ್ಯೂ ವ್ಯಾಲಿ ಕೆರೆ, ಮೈ ಹುರುಪಾಗಿದ್ದರೆ ಮೆಂಡಿಪ್ ಗುಡ್ಡ ಹತ್ತಿ ಚೆಡ್ಡರ್ ಕಡೆಗೆ. ಕೂಗುಗಳೆಲ್ಲ ಕನ್ನಡದಲ್ಲೇ. ಇಲ್ಲಿನ ಕ್ಲಬ್ಬುಗಳಲ್ಲಿ "ಕಾರ್ ಅಪ್", "ಕಾರ್ ಡೌನ್" ಅನ್ನೋದು ಒಂದೊಂದು ಊರಲ್ಲಿ ಒಂದೊಂದು ಅರ್ಥ. ಒಂದು ಕಡೆ ಅಪ್ ಅಂದರೆ ಮುಂದೆ, ಇನ್ನೊಂದು ಕಡೆ ಹಿಂದೆ. ನಮ್ಮ "ಹಿಂದೆ ಕಾರು" ಅನ್ನೋದರಲ್ಲಿ ಆ ಗೊಂದಲವೇ ಇಲ್ಲ. ಗುಂಪು ಅಂದ್ರೆ ಏನು ಅಂತ ಸವಾರಿ ಮಾಡದವರಿಗೆ ಹೇಳಬೇಕು: ಮುಂದಿನವರು ಗಾಳಿ ಒಡೀತಾರೆ, ಹಿಂದಿನವರು ಆ ಮರೆಯಲ್ಲಿ ಸುಲಭವಾಗಿ ಬರ್ತಾರೆ, ಅದಕ್ಕಾಗಿ ಚಕ್ರಕ್ಕೂ ಚಕ್ರಕ್ಕೂ ಒಂದು ಮೀಟರೂ ಇರಲ್ಲ. ಮುಂದಿನವನು ತಟ್ಟನೆ ಬ್ರೇಕ್ ಹಿಡಿದರೆ ಹಿಂದಿನವನಿಗೆ ಉಳಿಯೋದು ಎರಡು ದಾರಿ, ಬಲಕ್ಕೆ ಟ್ರಾಫಿಕ್ಕು, ಎಡಕ್ಕೆ ಬೇಲಿ.

ಅವತ್ತು ನಾನು ಮುಂದಾಳು. ಬೇಲಿ ಕಟ್ಟಿದ ಸಣ್ಣ ಹಳ್ಳಿ ರಸ್ತೆ, ಇಬ್ಬಿಬ್ಬರು ಜೊತೆಯಾಗಿ ಹೋಗ್ತಿದ್ವಿ. ಹಿಂದಿನಿಂದ ಒಂದು ಕಾರು ಹಾರ್ನ್ ಹೊಡೀತು, ಉದ್ದಕ್ಕೆ. ನಾನು ಕೂಗಿದೆ: "ಒಂದೇ ಸಾಲು!" ನನ್ನ ಹಿಂದಿದ್ದವಳು, ಇಲ್ಲೇ ಹುಟ್ಟಿ ಬೆಳೆದವಳು, "ಯಾಕೆ? ಮುಂದೆ ತಿರುವಿದೆ ಅಲ್ವಾ?" ಅಂದಳು. ನಾನು ಅಂದಿದ್ದು ಇನ್ನೂ ಕಿವಿಯಲ್ಲಿದೆ. "ಬಿಡು ಮಾರಾಯ್ತಿ, ಪಾಪ ಅವರಿಗೂ ಅರ್ಜೆಂಟು." ಎಲ್ಲರೂ ಸಾಲಾದ್ವಿ. ಹಾರ್ನ್ ಹೊಡೆದ ಕಾರು ದಾಟಿಕೊಂಡು ಹೋಯ್ತು, ಕೈ ಕೂಡ ಬೀಸಿತು. ಅದರ ಹಿಂದಿದ್ದ ವ್ಯಾನೂ ಹೊರಟಿತು. ಅರ್ಧ ದಾಟುವಷ್ಟರಲ್ಲಿ ತಿರುವಿನಿಂದ ಎದುರು ಕಾರು ಬಂತು. ವ್ಯಾನು ಒಳಕ್ಕೆ ಎಳೆದುಕೊಂಡಿತು, ಸಾಲಿನ ನಡುವಿಗೆ. ಆ ಹೊತ್ತಿಗೆ ಅವಳು ಜಾಗ ಬಿಟ್ಟುಕೊಟ್ಟು ಸಾಲಿನ ನಡುವೆ ಸೇರಿಕೊಂಡಿದ್ದಳು. ವ್ಯಾನಿನ ಕನ್ನಡಿ ಅವಳ ಭುಜಕ್ಕೆ ತಾಗಿತು, ಅವಳು ಬೇಲಿಗೆ ಬಿದ್ದಳು, ಅವಳ ಹಿಂದಿದ್ದವನು ಅವಳ ಮೇಲೆ ಬಿದ್ದ. ಕಾಲರ್ ಬೋನ್ ಮುರಿಯಿತು, ಎರಡು ಪಕ್ಕೆಲುಬು. ವ್ಯಾನು ನಿಲ್ಲಲಿಲ್ಲ.

ಆಸ್ಪತ್ರೆಯಿಂದ ಅವಳ ಅಮ್ಮನಿಗೆ ಫೋನ್ ಮಾಡಿದವನೂ ನಾನೇ. ಹಾಸನದ ಕಡೆಯವರು, ಮೂವತ್ತು ವರ್ಷದಿಂದ ಇಲ್ಲಿದ್ದಾರೆ. ಜೀವಕ್ಕೇನೂ ಇಲ್ಲ ಆಂಟಿ ಅಂದ ತಕ್ಷಣ ಅವರು ಕೇಳಿದ್ದು, "ಹೆಲ್ಮೆಟ್ ಹಾಕಿದ್ಲೇನಪ್ಪಾ?" ಸಂಜೆ ಆಫೀಸಿನ ಗೆಳೆಯರು ಕೇಳಿದರು, ಹೆಲ್ಮೆಟ್? ಆಮೇಲೆ ಒಂದು ಫಾರಂ ತುಂಬಬೇಕಾಯ್ತು, ಅದರಲ್ಲೂ ಇತ್ತು: ಹೆಲ್ಮೆಟ್, ಬಟ್ಟೆಯ ಬಣ್ಣ, ದೀಪ. ಹಾಕಿದ್ದಳು. ಗುಲಾಬಿ ಜಾಕೆಟ್. ಹಗಲು ಹತ್ತು ಗಂಟೆಗೂ ದೀಪ ಮಿನುಗುತ್ತಿತ್ತು. ಬೆನ್ನ ಮೇಲೆ ಉದ್ದ ಜಡೆಯೂ ಇತ್ತು, ಸರಾಸರಿಯ ಪ್ರಕಾರ ಅವಳಿಗೆ 14 ಸೆಂಟಿಮೀಟರ್ ಹೆಚ್ಚು ಸಿಗಬೇಕಿತ್ತು.

ಆ ಪ್ರಬಂಧಗಳನ್ನ ಮತ್ತೆ ಓದಿದ್ದು ಆ ವಾರ. ಓದುವಾಗ ಕಂಡಿದ್ದು ಇದು: ಎರಡೂ ಪ್ರಬಂಧಗಳ ಪ್ರಶ್ನೆ ಆಂಟಿಯ ಪ್ರಶ್ನೆಯೇ. ಅವಳು ಏನು ಹಾಕಿದ್ದಳು? ಆಂಟಿ ತಾಯಿ, ಗಾಬರಿಯಲ್ಲಿ ಕೇಳಿದರು, ಅವರ ಮೇಲೆ ನನಗೇನೂ ಇಲ್ಲ. ವಿಜ್ಞಾನವೂ ಅದೇ ಪ್ರಶ್ನೆಯಿಂದ ಶುರು ಮಾಡಿತ್ತು. ವಾಕರ್ ಅವರ ದೊಡ್ಡತನ ಏನು ಅಂದರೆ, ಏಳು ವರ್ಷದ ನಂತರ ಅದೇ ಪ್ರಶ್ನೆಯನ್ನ ಕೊನೆವರೆಗೂ ಕೇಳಿ, ಇದರಲ್ಲಿ ಉತ್ತರ ಇಲ್ಲ ಅಂತ ತಾವೇ ತೋರಿಸಿಕೊಟ್ಟರು. ಹತ್ತಿರದ ಓವರ್‌ಟೇಕ್ ತಡೆಯೋದು ಸೈಕಲ್ಲಿನವರ ಬಟ್ಟೆಯಿಂದ ಆಗಲ್ಲ, ರಸ್ತೆ ಮತ್ತು ಕಾನೂನಿನ ಕಡೆ ನೋಡಿ ಅನ್ನೋ ದಿಕ್ಕಿಗೆ 2014ರ ಪ್ರಬಂಧ ಕೈ ತೋರಿಸುತ್ತೆ. ನಗು ತರಿಸೋ ವಿಗ್ಗನ್ನ ಎಲ್ಲರೂ ನೆನಪಿಟ್ಟುಕೊಂಡರು, ಈ ಮಾತನ್ನ ಇಟ್ಟುಕೊಳ್ಳಲಿಲ್ಲ. ನಾನೂ ಸೇರಿ, ಹೋದ ಕಂತು ಕೇಳಿದ್ದೀರಲ್ಲ.

ಆದರೆ ಅವರ ಸೆನ್ಸರಿಗೆ ಕಾಣದ್ದು ಒಂದಿದೆ, ಗುಂಪು. ಎರಡೂ ಪ್ರಬಂಧಗಳಲ್ಲಿ ಇರೋದು ಒಬ್ಬಂಟಿ ಸವಾರ. ಒಬ್ಬಂಟಿಗೆ ಇರೋ ಪ್ರಶ್ನೆ ಎಷ್ಟು ದೂರದಲ್ಲಿ ಹೋದರು ಅನ್ನೋದು. ಗುಂಪಿಗೆ ಅದಕ್ಕಿಂತ ಮೊದಲ ಪ್ರಶ್ನೆ, ಎಷ್ಟು ಹೊತ್ತು ಪಕ್ಕದಲ್ಲಿದ್ದರು. ಒಬ್ಬನನ್ನ ದಾಟೋದು ಒಂದು ಕ್ಷಣದ ಕೆಲಸ. ಹನ್ನೆರಡು ಜನರನ್ನ ದಾಟೋದು ಒಂದು ನಿರ್ಧಾರ, ಆ ನಿರ್ಧಾರ ಮಧ್ಯದಲ್ಲಿ ಕೆಡಬಹುದು, ಕೆಟ್ಟಾಗ ಡ್ರೈವರ್ ಮುಂದೆ ಇರೋ ಆಯ್ಕೆ ಎದುರಿನ ಲೋಹ ಅಥವಾ ಪಕ್ಕದ ಮೈ.

ಲೆಕ್ಕ ಹಾಕಿ ನೋಡಿ. ಒಂದು ಸೈಕಲ್ 1.7 ಮೀಟರ್, ನಡುವೆ ಒಂದು ಮೀಟರ್ ಬಿಡಿ. ಹನ್ನೆರಡು ಜನ ಒಂದೇ ಸಾಲಾದರೆ ಸುಮಾರು 31 ಮೀಟರ್. ಇಬ್ಬಿಬ್ಬರಾದರೆ 15. ಇದಕ್ಕೆ ಕಾರಿನ ಉದ್ದ, ಹೊರಬರೋಕೆ ಹಿಂದೆ ಹತ್ತು ಮೀಟರ್, ಒಳಹೋಗೋಕೆ ಮುಂದೆ ಹತ್ತು ಮೀಟರ್ ಸೇರಿಸಿ: 55 ಮತ್ತು 40. ಗುಂಪು ಗಂಟೆಗೆ 18 ಮೈಲಿ, ಕಾರು 40 ಮೈಲಿ ಅಂದರೆ ಕಾರು ನಮಗಿಂತ ಸೆಕೆಂಡಿಗೆ ಸುಮಾರು ಹತ್ತು ಮೀಟರ್ ಮುಂದೆ ಹೋಗುತ್ತೆ. ಒಂದೇ ಸಾಲನ್ನ ದಾಟೋಕೆ ಐದೂವರೆ ಸೆಕೆಂಡು, ಜೋಡಿ ಸಾಲನ್ನ ದಾಟೋಕೆ ನಾಲ್ಕು. ಆ ಹೊತ್ತಿನಲ್ಲಿ ಕಾರು ಎದುರು ಲೇನಿನಲ್ಲಿ ಓಡೋ ದೂರ ನೂರು ಮೀಟರ್ ಮತ್ತು ಎಪ್ಪತ್ತೆರಡು ಮೀಟರ್. ತಿರುವಿನ ಮುಂದೆ ಆ ಇಪ್ಪತ್ತೆಂಟು ಮೀಟರ್ ಎಲ್ಲಿಂದ ತರ್ತೀರಿ? "ಒಂದೇ ಸಾಲು" ಅಂತ ಕೂಗಿ ನಾನು ದಾರಿ ಬಿಡಲಿಲ್ಲ, ದಾಟಬೇಕಾದ ದೂರವನ್ನ ಉದ್ದ ಮಾಡಿದೆ. ಮೇಲಾಗಿ, ಪಕ್ಕದಲ್ಲಿ ನುಸುಳೋಕೆ ಜಾಗ ಇದೆ ಅನ್ನೋ ಭ್ರಮೆಯನ್ನೂ ಕೊಟ್ಟೆ. ಇಬ್ಬರು ಜೊತೆಯಾಗಿದ್ದರೆ ವ್ಯಾನಿನವನು ಎದುರು ಲೇನು ಖಾಲಿಯಾಗೋವರೆಗೆ ಕಾಯಬೇಕಿತ್ತು. ಕಾದಿದ್ದರೆ ಬೈದುಕೊಳ್ಳುತ್ತಿದ್ದ, ಅಷ್ಟೇ.

ಹೈವೇ ಕೋಡ್ ಇದನ್ನ ತಡವಾಗಿ ಒಪ್ಪಿಕೊಂಡಿತು. ಹಳೆಯ 66ನೇ ನಿಯಮ ಕಿರಿದಾದ ಅಥವಾ ಗಿಜಿಗುಡೋ ರಸ್ತೆಯಲ್ಲಿ, ತಿರುವಿನಲ್ಲಿ ಒಂದೇ ಸಾಲಾಗಿ ಹೋಗಿ ಅನ್ನುತ್ತಿತ್ತು. 2022ರ ಜನವರಿ 29ರಿಂದ ಬಂದ ಹೊಸ ಮಾತು: ಇಬ್ಬರು ಜೊತೆಯಾಗಿ ಹೋಗಬಹುದು, ದೊಡ್ಡ ಗುಂಪಿನಲ್ಲಿ ಅದೇ ಹೆಚ್ಚು ಸುರಕ್ಷಿತ ಇರಬಹುದು, ಹಿಂದಿನವರಿಗೆ ದಾರಿ ಬಿಡಿ, ಆದರೆ ಬಿಡೋದು ಸುರಕ್ಷಿತ ಅಂತ ನಿಮಗನ್ನಿಸಿದಾಗ. ನಿಮಗೆ, ಹಾರ್ನ್ ಹೊಡೆದವರಿಗಲ್ಲ. ಅವತ್ತು ನನಗೆ ಈ ನಿಯಮ ಗೊತ್ತಿತ್ತು. ಬಾಯಿಪಾಠ ಇತ್ತು.

ಕನ್ನಡ ಓದುಗರಿಗೆ ಇಲ್ಲೊಂದು ಭಾಷೆಯ ಸೂಕ್ಷ್ಮ ಹೇಳಲೇಬೇಕು. ಹೈವೇ ಕೋಡ್‌ನಲ್ಲಿ ದಪ್ಪಕ್ಷರದ 'ಮಸ್ಟ್' ಇದ್ದರೆ ಅದು ಕಾನೂನು, ಮುರಿದರೆ ಅಪರಾಧ. 'ಶುಡ್' ಇದ್ದರೆ ಸಲಹೆ, ಕೋರ್ಟಿನಲ್ಲಿ ಸಾಕ್ಷ್ಯವಾಗಿ ಬಳಸಬಹುದು, ಅಷ್ಟೇ. ನಮ್ಮ ಮಾತಿನ ಕನ್ನಡದಲ್ಲಿ ಎರಡಕ್ಕೂ "ಬೇಕು" ಸಾಕು. ಆದರೆ ಸರ್ಕಾರಿ ಕನ್ನಡ ಓದಿದ್ದರೆ "ತಕ್ಕದ್ದು" ನೋಡಿರ್ತೀರಿ, ಪಾಲಿಸತಕ್ಕದ್ದು, ಸಲ್ಲಿಸತಕ್ಕದ್ದು. ಚಿಕ್ಕವನಿದ್ದಾಗ ನೋಟಿಸ್ ಬೋರ್ಡಿನ ಆ ಪದ ಕಂಡರೆ ನಗು ಬರ್ತಿತ್ತು. ಈಗ ಅದರ ಬೆಲೆ ಗೊತ್ತಾಯ್ತು. 1.5 ಮೀಟರ್ ಬಿಡೋದು ಇಲ್ಲಿ ಇನ್ನೂ "ಬೇಕು" ಮಟ್ಟದಲ್ಲಿದೆ, "ತಕ್ಕದ್ದು" ಆಗಿಲ್ಲ. ಆ ಅಳತೆಯೂ ಗಂಟೆಗೆ 30 ಮೈಲಿವರೆಗಿನ ವೇಗಕ್ಕೆ, ಮೇಲಕ್ಕೆ ಹೋದರೆ "ಇನ್ನೂ ಹೆಚ್ಚು", ಎಷ್ಟು ಅಂತಿಲ್ಲ. ಜರ್ಮನಿಯಲ್ಲಿರೋ ನಮ್ಮ ಓದುಗರಿಗೆ ಗೊತ್ತಿರುತ್ತೆ, ಅಲ್ಲಿ 2020ರಿಂದ ಊರೊಳಗೆ 1.5 ಮೀಟರ್, ಊರಾಚೆ 2 ಮೀಟರ್ ಅಂತ ಕಾನೂನಿನಲ್ಲೇ ಬರೆದಿದ್ದಾರೆ. ಅಲ್ಲಿ ಇನ್ನೂ ಒಂದು ಚಂದದ ನಿಯಮ ಇದೆ. ಹದಿನೈದಕ್ಕಿಂತ ಹೆಚ್ಚು ಸೈಕಲ್ಲಿನವರು ಒಟ್ಟಾಗಿ ಹೊರಟರೆ ಅವರೆಲ್ಲ ಸೇರಿ ಒಂದೇ ವಾಹನ ಇದ್ದಹಾಗೆ, ಇಬ್ಬಿಬ್ಬರಾಗಿ ಹೋಗಬಹುದು. ಹದಿನಾರು ಜನಕ್ಕೆ ಏಕವಚನ! ಏಕವಚನದಲ್ಲಿ ಕರೆದರೂ ಮರ್ಯಾದೆ ಹೆಚ್ಚಾಗೋದು ಇಲ್ಲಿ ಮಾತ್ರ ಇರಬೇಕು.

ಇಂಗ್ಲೆಂಡಿನಲ್ಲಿ ಏನೂ ಆಗಿಲ್ಲ ಅಂತಲ್ಲ. 2016ರಲ್ಲಿ ವೆಸ್ಟ್ ಮಿಡ್‌ಲ್ಯಾಂಡ್ಸ್ ಪೊಲೀಸರು ಮಾಮೂಲಿ ಬಟ್ಟೆಯಲ್ಲಿ ಸೈಕಲ್ ಮೇಲೆ ಹೊರಟರು, ಸವರಿಕೊಂಡು ಹೋದವರನ್ನ ಮುಂದೆ ನಿಲ್ಲಿಸಿ, ನೆಲಕ್ಕೆ ಒಂದು ಚಾಪೆ ಹಾಸಿ 1.5 ಮೀಟರ್ ಅಂದರೆ ಎಷ್ಟು ಅಂತ ತೋರಿಸಿದರು. ಪಾಠ ಕಲಿಸಿದ್ದು ಡ್ರೈವರಿಗೆ, ಸವಾರನಿಗಲ್ಲ. 2014ರ ಪ್ರಬಂಧದ ನಂತರ ಬರಬೇಕಾಗಿದ್ದ ಪ್ರಯೋಗ ಇಂಥದ್ದು ಅಂತ ನನ್ನ ಅಭಿಪ್ರಾಯ. ಒಂದು ಮೊಳದೊಳಗೆ ಬರೋ ಆ ಶೇಕಡಾ ಒಂದೆರಡು ಕಡಿಮೆ ಆಯ್ತಾ ಅಂತ ಮೊದಲೂ ನಂತರವೂ ಅಳೆಯಿರಿ. ಸೆನ್ಸರನ್ನ ಗುಂಪಿನ ನಡುವಿನವರಿಗೆ ಕಟ್ಟಿ, ಮುಂದಿನವರಿಗಲ್ಲ. ಕೊಡಬೇಕಾದ ಸಂಖ್ಯೆ ಸರಾಸರಿಯಲ್ಲ, ಬಾಲ.

ನನ್ನ ಕೂಗಿಗೆ ಮಾತ್ರ ಯಾವ ಪ್ರಬಂಧವೂ ಹೊಣೆ ಅಲ್ಲ. "ಪಾಪ ಅವರಿಗೂ ಅರ್ಜೆಂಟು" ಅನ್ನೋದರ ಹಿಂದೆ ಬೇರೆ ಇನ್ನೊಂದಿತ್ತು, ಬರೆಯೋಕೆ ಸಂಕೋಚ. ಹನ್ನೆರಡು ಜನ ಕಂದು ಬಣ್ಣದವರು ಒಂದು ಇಂಗ್ಲಿಷ್ ಹಳ್ಳಿಯ ರಸ್ತೆ ತುಂಬಿಕೊಂಡು ಹೋಗ್ತಿದ್ದೀವಿ, ಕಿರಿಕಿರಿ ಮಾಡೋದು ಬೇಡ, ಇದು ನಮ್ಮೂರಲ್ಲ. ವೀಸಾ ಕಾಗದಗಳ ಜೊತೆ ಬಂದ ಅಭ್ಯಾಸ ಅದು. ಅವಳಿಗೆ ಆ ಅಭ್ಯಾಸ ಇರಲಿಲ್ಲ, ಇದು ಅವಳೂರು. ಅದಕ್ಕೇ "ಯಾಕೆ" ಅಂತ ಕೇಳಿದ್ದು. ಮುಂದಾಳು ಹೇಳಿದ ಅಂತ ಕೇಳಿಕೊಂಡಳು.

ಮೂರು ತಿಂಗಳಾದ ಮೇಲೆ ಅವಳ ಮನೆಗೆ ಹೋದಾಗ ಈ 2014ರ ಪ್ರಬಂಧವನ್ನ ಲ್ಯಾಪ್‌ಟಾಪಿನಲ್ಲಿ ತೋರಿಸಿದೆ. ಆಂಟಿ ಕಾಫಿ ತಂದಿಟ್ಟು, ನಮ್ಮ ಹಿಂದೆ ನಿಂತು ಗ್ರಾಫ್ ನೋಡ್ತಾ ಇದ್ದರು. ಅವಳು ಎಡಭುಜ ತಿರುಗಿಸುತ್ತಾ, "ಹಾಗಾದರೆ ಆ ಒಂದು ಪರ್ಸೆಂಟು ನಾನಾ?" ಅಂದಳು. ನಾನು ಉತ್ತರ ಹುಡುಕುವಷ್ಟರಲ್ಲಿ ಆಂಟಿಯೇ ಹೇಳಿದರು, "ನೀನ್ಯಾಕಾಗ್ತೀಯ? ಆ ವ್ಯಾನಿನವನು."

ಮುಂದಿನ ತಿಂಗಳಿಂದ ಅವಳು ಬರ್ತಾಳಂತೆ, ಚ್ಯೂ ಕೆರೆವರೆಗೆ ಮಾತ್ರ. ಮುಂದಾಳು ತಾನೇ ಆಗ್ತೀನಿ ಅಂದಿದ್ದಾಳೆ. ನಾನು ನಡುವಿನಲ್ಲಿರ್ತೀನಿ, ಬಲಗಡೆ.